ಸ್ವಪ್ರಕಾಶಿತ ಕಾದಂಬರಿಯ ಸೂಚಕಪದಗಳು

ಗಳಗನಾಥರು (1869–1942) ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಪುಣೆಯ ಹರಿ ನಾರಾಯಣ ಆಪಟೆಯವರ ಮರಾಠಿ ಕಥಾಪ್ರಪಂಚವು ಕನ್ನಡಿಗರಿಗೆ ಪರಿಚಯವಾದುದೂ ಅವರ ಲೇಖಣಿಯಿಂದಲೇ. ಸ್ವಂತ ಖರ್ಚಿನಿಂದ ಕಾದಂಬರಿಯನ್ನು ಅಂತರಜಾಲಕ್ಕೇರಿಸುವ ಇಂದಿನ ಪುಣೆಯ ಲೇಖಕನಿಗೆ ಆ ಹೊರೆಯಿಲ್ಲ, ಅಂಗಡಿಯ ಕಪಾಟೂ ಇಲ್ಲ. ಗ್ರಂಥದೊಡನೆ ನಮೂದಿಸುವ ನಾಲ್ಕಾರು ಸೂಚಕಪದಗಳೇ, ಅಂದರೆ ‘ಟ್ಯಾಗು’ಗಳೇ, ಅವನ ಪರವಾಗಿ ತಿರುಗಬೇಕು.

‘ಕಾದಂಬರಿ’ ಎಂಬ ಪದವೊಂದನ್ನೇ ನಂಬುವುದು ವ್ಯರ್ಥ. ಅದು ಬಾಣಭಟ್ಟನ ಗದ್ಯಕಾವ್ಯದ ಹೆಸರು. ಕನ್ನಡ ಮರಾಠಿಗಳೆರಡರಲ್ಲಿಯೂ ಆ ಸಾಹಿತ್ಯಪ್ರಕಾರದ ಸಾಮಾನ್ಯನಾಮ. ‘ಹೃದಯಂಗಮ’, ‘ಶ್ರೇಷ್ಠ’ ಮೊದಲಾದ ಪ್ರಶಂಸೆಗಳಂತೂ ಗ್ರಂಥಕರ್ತನ ಸಮಾಧಾನಕ್ಕೆ ಮಾತ್ರ; ಅವನ್ನು ಟಂಕಿಸಿ ಪುಸ್ತಕ ಹುಡುಕುವವರಾರು? ಓದುಗನು ಕೇಳುವುದು ಸ್ಥಳ, ಕಾಲ, ವೃತ್ತಿ, ಪ್ರಸಂಗಗಳನ್ನು. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು ಪುಣೆಯ ಪೇಟೆಗಳು ಮುಳುಗಿದುದು ಕಥಾವಸ್ತುವಾಗಿದ್ದರೆ ‘ಪಾನಶೇತ’, ‘ಮುಠಾ ನದಿ’, ‘ಪ್ರವಾಹ’, ‘ಪುಣೆಯ ಕನ್ನಡಿಗರು’ ಎಂಬವು ಸಾರ್ಥಕ ಪದಗಳು.

ಕನ್ನಡದಲ್ಲಿ ಇನ್ನೊಂದು ತೊಡಕುಂಟು. ‘ಪುಣೆಯಲ್ಲಿ’, ‘ಪುಣೆಗೆ’ ಎಂಬ ವಿಭಕ್ತಿರೂಪಗಳನ್ನು ಎಲ್ಲ ಶೋಧಕಯಂತ್ರಗಳೂ ಬಿಡಿಸಿ ನೋಡಲಾರವು. ಆದುದರಿಂದ ಪ್ರಕೃತಿರೂಪವನ್ನೇ ಕೊಡಬೇಕು. ‘ಪುಣೆ’, ‘ಪುಣೇ’, ‘ಪೂನಾ’ ಎಂಬ ಬರಹಭೇದಗಳೂ, ರೋಮನ್ ಲಿಪಿಯ ರೂಪವೂ ಜೊತೆಗಿರಲಿ. ಹೊರನಾಡಿನಲ್ಲಿ ಬೆಳೆದ ಮಕ್ಕಳನೇಕರು ಕನ್ನಡವನ್ನು ಓದಬಲ್ಲರು, ಆದರೆ ಟಂಕಿಸುವುದು ರೋಮನ್ ಲಿಪಿಯಲ್ಲಿ.

ಕೃತಿಯಲ್ಲಿಲ್ಲದ ವಿಷಯವನ್ನೋ ಪ್ರಸಿದ್ಧ ಲೇಖಕನ ಹೆಸರನ್ನೋ ಸೇರಿಸುವುದು ಪರರ ಖಾತೆಯ ಹಣವನ್ನು ತನ್ನದೆಂದು ತೋರಿಸಿದಂತೆ. ಓದುಗನು ಬರುತ್ತಾನೆ, ಎರಡು ಪುಟ ತಿರುವಿ ಹೊರಟುಹೋಗುತ್ತಾನೆ.