ಲೆಕ್ಕ ಕೇಳುವ ಕಿವಿ

'ಆಡಿಟ್' ಪದದ ಬೇರು 'ಕೇಳು' ಎಂಬರ್ಥದ ಲ್ಯಾಟಿನ್ ಕ್ರಿಯಾಪದದಲ್ಲಿದೆ. ಓದುಬರಹ ಬಲ್ಲವರು ವಿರಳವಾಗಿದ್ದ ಕಾಲದ ಇಂಗ್ಲೆಂಡಿನಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದಲಾಗುತ್ತಿತ್ತು. ಪರಿಶೋಧಕ ಕಿವಿಗೊಟ್ಟು ಕೇಳುತ್ತಿದ್ದ.

ಹಣ ಹೂಡುವವರು ಒಬ್ಬರು, ವ್ಯವಹಾರ ನಡೆಸುವವರು ಮತ್ತೊಬ್ಬರು ಎಂಬ ಕಂಪನಿ ಪದ್ಧತಿ ಬೆಳೆದಂತೆ ಈ ಕಿವಿ ಅನಿವಾರ್ಯವಾಯಿತು. 1878ರಲ್ಲಿ, ಸುಳ್ಳು ಲೆಕ್ಕ ತೋರಿಸುತ್ತ ಬಂದಿದ್ದ ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕ್ ಮುಳುಗಿತು. ಹೊಣೆಗೆ ಮಿತಿ ಇಲ್ಲದ್ದರಿಂದ ಸಾಲವೆಲ್ಲ ಷೇರುದಾರರ ತಲೆಗೆ ಬಂತು; ಬಹುಪಾಲು ಮಂದಿ ದಿವಾಳಿಯಾದರು. 1900ರಲ್ಲಿ ಬ್ರಿಟನ್ ಎಲ್ಲ ನೋಂದಾಯಿತ ಕಂಪನಿಗಳಿಗೂ ಪರಿಶೋಧನೆ ಕಡ್ಡಾಯ ಮಾಡಿತು.

ಆದರೆ ಸಹಿ ಬಿದ್ದ ಮಾತ್ರಕ್ಕೆ ಲೆಕ್ಕ ನಿಜವಾಗದು. 2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರೇ, ಲೆಕ್ಕದಲ್ಲಿ ತೋರಿಸಿದ್ದ 5,000 ಕೋಟಿ ರೂಪಾಯಿಗೂ ಹೆಚ್ಚು ನಗದು ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಪರಿಶೋಧಕರು ವರ್ಷಗಟ್ಟಲೆ ಸಹಿ ಹಾಕಿದ್ದರು!

ಹಳೆಯ ಸಲಿಗೆ ಕಣ್ಣು ಮುಚ್ಚಿಸಬಾರದೆಂದು 2013ರ ಕಂಪನಿ ಕಾಯ್ದೆ, ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳಲ್ಲಿ ಒಂದೇ ಪರಿಶೋಧನಾ ಸಂಸ್ಥೆ ಸತತ 10 ವರ್ಷಕ್ಕಿಂತ ಹೆಚ್ಚು ಮುಂದುವರಿಯದಂತೆ ತಡೆ ಹಾಕಿತು.

ಪರಿಶೋಧಕರನ್ನು ನೇಮಿಸುವವರು ಷೇರುದಾರರು. ಶುಲ್ಕ ಬರುವುದು ಮಾತ್ರ ಕಂಪನಿಯ ತಿಜೋರಿಯಿಂದ. ಈ ಮುಲಾಜಿನ ನಡುವೆಯೂ 'ಹಣ ಎಲ್ಲಿದೆ, ತೋರಿಸಿ' ಎನ್ನುವ ಧೈರ್ಯವೇ ಆ ಸಹಿಯ ಬೆಲೆ.