ಕಿಸೆಯಲ್ಲಿ ಉಳಿದ ಐದು ರೂಪಾಯಿ

“ತಮ್ಮಾ, ಮನಸ್ನ್ಯಾಗ ಒಂದಿಷ್ಟು ರೊಕ್ಕಾ ಹಿಡಕೊ, ಹೇಳಬ್ಯಾಡ. ಅಷ್ಟ ರೊಕ್ಕಾ ಗೆಳ್ಯಾನ ಕಡೆ ಇಸ್ಕೊ. ನಾ ಹತ್ತು ರೂಪಾಯಿ ಕೊಟ್ಟೆ, ಕೂಡ್ಸು. ಅರ್ಧಾ ಗುಡಿ ಹುಂಡಿಗೆ ಹಾಕು. ಗೆಳ್ಯಾನ ಸಾಲಾ ತೀರ್ಸು. ಈಗ ನಿನ್ನ ಕಿಸೆದಾಗ ಐದು ರೂಪಾಯಿ ಅದಾವ, ಹೌದಿಲ್ಲೋ?”

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮಾತಿನಲ್ಲಿ ಈ ಹಳೆಯ ಆಟ ಹೀಗೆ ಕೇಳಿಸುತ್ತದೆ. ಹುಡುಗ 20 ಹಿಡಿದಿದ್ದ ಎನ್ನಿ. ಗೆಳೆಯನ 20, ಮೇಲೆ ಹತ್ತು, ಒಟ್ಟು 50. ಹುಂಡಿಗೆ 25, ಗೆಳೆಯನಿಗೆ 20. ಉಳಿದದ್ದು ಐದು. ಮನೆಮಂದಿಗೆಲ್ಲ ಕರದಂಟು ಕೊಳ್ಳಲೆಂದು 700 ಹಿಡಿದಿದ್ದರೂ ಉಳಿಯುವುದು ಐದೇ.

ಗುಟ್ಟೆಲ್ಲ ಗೆಳೆಯನ ಸಾಲದಲ್ಲಿದೆ. ಸಾಲ ತಂದಾಗ ಹಿಡಿದ ರೊಕ್ಕ ಎರಡು ಪಾಲಾಯಿತು. ಹುಂಡಿಗೆ ಒಂದು ಪಾಲು ಹೋಯಿತು, ಸಾಲಕ್ಕೆ ಇನ್ನೊಂದು. ಕಿಸೆಯಲ್ಲಿರುವುದು ಕೇಳಿದವನೇ ಕೊಟ್ಟ ಹತ್ತರ ಅರ್ಧ. ಎರಡನೇ ಸಲವೂ ಹತ್ತನ್ನೇ ಕೊಟ್ಟರೆ ಸಿಕ್ಕಿಬೀಳುತ್ತಾನೆ. ಪಳಗಿದವನು 16 ಕೊಟ್ಟು ಎಂಟು ಎನ್ನುತ್ತಾನೆ.

ಹಿಡಿದ ಅಂಕಿಯನ್ನೇ ಹೇಳುವ ದಾರಿ ಬೇರೆ. ಮೂರರಿಂದ ಗುಣಿಸಿ ಆರು ಕೂಡಿಸಿದಾಗ 27 ಬಂದಿದ್ದರೆ, ಆರು ಕಳೆದು ಮೂರರಿಂದ ಭಾಗಿಸಿದರಾಯಿತು: ಏಳು. ಹೀಗೆ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುವ ಲೆಕ್ಕವನ್ನು ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲಿ ‘ವಿಲೋಮ’ ಎಂದು ಕಲಿಸಿದ್ದಾರೆ. ಅದೇ ಶತಮಾನದಲ್ಲಿ ಕನ್ನಡಕ್ಕೂ ಗಣಿತದ ಗ್ರಂಥ ಬಂತು, ರಾಜಾದಿತ್ಯನ ‘ವ್ಯವಹಾರ ಗಣಿತ’. ಈ ಜೈನ ಕವಿಯ ಊರು ಪೂವಿನಬಾಗೆ. ಅದು ಗೋಕಾಕದ ನೆರೆಯ ರಾಯಬಾಗವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಮೂರನೆಯ ಬಗೆ ಇನ್ನೂ ಮಜಾ. ನಾಲ್ಕಂಕಿಯ ಸಂಖ್ಯೆ ಬರೆ, ಅದರ ಅಂಕಿಗಳನ್ನು ಕೂಡಿಸಿ ಅದರಿಂದಲೇ ಕಳೆ. 7352ರಿಂದ 17 ಹೋದರೆ 7335. ಒಂದು ಅಂಕಿ ಮುಚ್ಚಿ ಉಳಿದದ್ದನ್ನು ಓದಿ ಹೇಳು. “ಏಳು, ಮೂರು, ಐದು” ಎಂದರೆ ಮೊತ್ತ 15, ಒಂಬತ್ತರ ಮಗ್ಗಿಯಲ್ಲಿ ಮುಂದಿನದು 18, ಮುಚ್ಚಿದ್ದು ಮೂರು. ಏಳು ಸಾವಿರದಿಂದ ಏಳು ತೆಗೆದರೆ ಏಳು ಸಲ 999, ಮುನ್ನೂರರಿಂದ ಮೂರು ತೆಗೆದರೆ ಮೂರು ಸಲ 99, ಐವತ್ತರಿಂದ ಐದು ತೆಗೆದರೆ ಐದು ಸಲ ಒಂಬತ್ತು. ಕಡೆಯ ಎರಡು ತಾನೇ ಅಳಿಸಿಹೋಗುತ್ತದೆ. ಹಾಗಾಗಿ ಉತ್ತರ ಒಂಬತ್ತರ ಮಗ್ಗಿ ಬಿಟ್ಟು ಕದಲುವುದಿಲ್ಲ. ಅಂಥ ಸಂಖ್ಯೆಯ ಅಂಕಿಗಳ ಮೊತ್ತವೂ ಅದೇ ಮಗ್ಗಿಯದು.

ಆದರೆ ಓದಿ ಹೇಳಿದ ಅಂಕಿಗಳೇ 18 ಆದರೆ? ಮುಚ್ಚಿದ್ದು ಸೊನ್ನೆಯೂ ಇರಬಹುದು, ಒಂಬತ್ತೂ ಇರಬಹುದು. ಅದಕ್ಕೇ ಆಟ ಬಲ್ಲವರು ಮೊದಲೇ ಗಂಭೀರವಾಗಿ ಎಚ್ಚರಿಸುತ್ತಾರೆ: “ಸೊನ್ನಿ ಮಾತ್ರ ಮುಚ್ಚಬ್ಯಾಡಪಾ, ಅದರಾಗ ಏನೂ ಇಲ್ಲ.”