ಜೀವಿಗಳ ಒಡಲಲ್ಲಿ ಪ್ಲಾಸ್ಟಿಕ್ ಕಣಗಳನ್ನು ಕಂಡುಹಿಡಿಯುವ ಬಗೆ

ನಮ್ಮ ಶಾಲೆಯ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿರುವರು. ಮನುಷ್ಯರ ರಕ್ತದಲ್ಲಿಯೂ ಮೆದುಳಿನಲ್ಲಿಯೂ ಪ್ಲಾಸ್ಟಿಕ್ ಕಣಗಳು ಸಿಕ್ಕಿವೆಯೆಂಬ ವರ್ತಮಾನವನ್ನು ಪತ್ರಿಕೆಗಳಲ್ಲಿ ಓದಿ, ಇದು ನಿಜವೋ ಎಂದು ಕೇಳುವವರೂ ಅವರೇ. ಇದಕ್ಕೆ ಹೌದೆಂದಾಗಲಿ ಅಲ್ಲವೆಂದಾಗಲಿ ಒಂದೇ ಮಾತಿನಲ್ಲಿ ಉತ್ತರ ಕೊಡುವದು ಯುಕ್ತವಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಚೂರೊಂದು ಒಂದು ಜೀವಿಯೊಳಗೆ ಇದೆಯೆಂದು ಹೇಳಬೇಕಾದರೆ, ಅದು ಪ್ಲಾಸ್ಟಿಕ್ಕೇ ಹೌದೆಂದೂ, ನಿಜವಾಗಿ ದೇಹದ ಒಳಗೇ ಇತ್ತೆಂದೂ, ಪರೀಕ್ಷೆಯ ಕೋಣೆಯಲ್ಲಿ ಬಂದು ಸೇರಿದ್ದಲ್ಲವೆಂದೂ ತೋರಿಸಿಕೊಡಬೇಕು. ಇವುಗಳಲ್ಲಿ ಒಂದೂ ಸುಲಭಸಾಧ್ಯವಲ್ಲ.

ಐದು ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರುಗಳನ್ನು ಸೂಕ್ಷ್ಮಪ್ಲಾಸ್ಟಿಕ್ ಎನ್ನುವರು. 2004ನೆಯ ಇಸವಿಯಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ ಎಂಬವರೂ ಅವರ ಸಂಗಡಿಗರೂ ಪ್ರಕಟಿಸಿದ ಒಂದು ಚಿಕ್ಕ ಲೇಖನದಿಂದ ಈ ಹೆಸರು ಪ್ರಸಿದ್ಧಿಗೆ ಬಂತು. ಸ್ಕಾಟ್ಲೆಂಡಿನ ಉತ್ತರದ ಸಮುದ್ರಮಾರ್ಗಗಳಲ್ಲಿ ತೇಲುವ ಕ್ಷುದ್ರಜೀವಿಗಳನ್ನು ಸೋಸಿ ಕಾದಿರಿಸಿದ್ದ ಹಳೆಯ ಸಂಗ್ರಹಗಳನ್ನು ಅವರು ಶೋಧಿಸಿ, 1960ರ ಮತ್ತು 70ರ ದಶಕಗಳಿಗಿಂತ ಮುಂದಿನ ದಶಕಗಳಲ್ಲಿ ಪ್ಲಾಸ್ಟಿಕ್ ಎಳೆಗಳು ಹೆಚ್ಚಿರುವದನ್ನು ಕಂಡರು. ಮರಳುಹುಳು ಮೊದಲಾದ ಸಮುದ್ರಜೀವಿಗಳು ಇಂಥ ಚೂರುಗಳನ್ನು ನುಂಗುವವೆಂಬದನ್ನೂ ತೋರಿಸಿದರು.

ಆದರೆ ನುಂಗುವದು ಬೇರೆ, ದೇಹಗತವಾಗುವದು ಬೇರೆ. ಮಗು ಹುಣಿಸೆಬೀಜವನ್ನು ನುಂಗಿದರೆ ಅದು ಬಂದ ದಾರಿಯಲ್ಲೇ ಮುಂದೆ ಹೋಗುವದೇ ಹೊರತು ರಕ್ತಮಾಂಸಗಳಲ್ಲಿ ಸೇರುವದಿಲ್ಲ. ಹಾಗಾದರೆ ಕಣವು ಕರುಳಿನ ಗೋಡೆಯನ್ನು ದಾಟುವದುಂಟೋ? 2008ರಲ್ಲಿ ಪ್ಲಿಮತ್ತಿನ ಮಾರ್ಕ್ ಬ್ರೌನ್ ಮೊದಲಾದವರು ಒಂದು ಜಾತಿಯ ಕಪ್ಪೆಚಿಪ್ಪಿನ ಮೇಲೆ ಇದನ್ನು ಪರೀಕ್ಷಿಸಿದರು. ಇದು ನಮ್ಮ ಕರಾವಳಿಯವರು ಪಚ್ಚಿಲೆಯೆಂದು ಬೇಯಿಸಿ ಉಣ್ಣುವ ಜೀವಿಯ ಬಂಧುವೇ. 3 ಮೈಕ್ರಾನ್ ಮತ್ತು 9.6 ಮೈಕ್ರಾನ್ ಗಾತ್ರದ ಹೊಳೆಯುವ ಮಣಿಗಳನ್ನು ನೀರಿನಲ್ಲಿ ಬೆರೆಸಿದಾಗ, ಮೂರು ದಿನಗಳೊಳಗೆ ಅವು ಆ ಜೀವಿಯ ರಕ್ತದಂಥ ದ್ರವದಲ್ಲಿ ಕಂಡುಬಂದು, 48 ದಿನಗಳ ತರುವಾಯವೂ ಉಳಿದಿದ್ದವು. (ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲೇ ಮೈಕ್ರಾನ್.)

ಹೊಳೆಯುವ ಬಣ್ಣವನ್ನು ನಂಬಿದವರಿಗೆ ಒದಗಿದ ತೊಡಕನ್ನು ಇಲ್ಲಿ ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಸಿಹಿನೀರಿನ ಕೆರೆಗಳಲ್ಲಿ ಡಾಫ್ನಿಯಾ ಎಂಬ, ನೀರುಚಿಗಟವೆಂದು ಕರೆಯಲ್ಪಡುವ, ಗಾಜಿನಂತೆ ಪಾರದರ್ಶಕವಾದ ಒಂದು ಪ್ರಾಣಿಯುಂಟು. ಜೀವಂತವಾಗಿರುವಾಗಲೇ ಅದರ ಕರುಳೂ ಹೃದಯವೂ ಸೂಕ್ಷ್ಮದರ್ಶಕದಲ್ಲಿ ಕಾಣುವದರಿಂದ ವಿಜ್ಞಾನಿಗಳಿಗೆ ಅದು ಬಹು ಪ್ರಿಯವಾದದ್ದು. 2009ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಇದಕ್ಕೆ ಬಣ್ಣ ತುಂಬಿದ ಪಾಲಿಸ್ಟೈರೀನ್ ಮಣಿಗಳನ್ನು ತಿನ್ನಿಸಿ ನೋಡಲಾಗಿ, ಕರುಳಿನಾಚೆ ಅದರ ಕೊಬ್ಬಿನ ಹನಿಗಳೂ ಹೊಳೆಯತೊಡಗಿದವು. ಮಣಿಗಳು ಕರುಳನ್ನು ದಾಟಿ ಕೊಬ್ಬನ್ನು ಸೇರಿದವೆಂದು ತಿಳಿಯಲಾಯಿತು. ಹತ್ತು ವರ್ಷಗಳ ತರುವಾಯ, 2019ರಲ್ಲಿ, ಬೇರೊಂದು ತಂಡದವರು ಅದೇ ಪ್ರಯೋಗವನ್ನು ಪುನಃ ಮಾಡಿದರು. ಕೊಬ್ಬು ಹೊಳೆಯಿತು, ಆದರೆ ಅಲ್ಲಿ ಮಣಿಗಳಿರಲಿಲ್ಲ. ಮಣಿಗಳಿಂದ ಸೋರಿದ ಬಣ್ಣ ಮಾತ್ರ ಕೊಬ್ಬಿಗೆ ಹತ್ತಿತ್ತೆಂಬದು ಅವರ ನಿರ್ಣಯ. ಅರಿಶಿನದ ಕೊಂಬನ್ನು ಬಿಸಿ ಎಣ್ಣೆಯಲ್ಲಿಟ್ಟರೆ ಎಣ್ಣೆಯೆಲ್ಲ ಹಳದಿಯಾಗುವದು. ಹಾಗೆಂದು ಕೊಂಬು ಎಣ್ಣೆಯಲ್ಲೆಲ್ಲ ಹರಡಿತೆನ್ನಲಾದೀತೇ? ಅದೇ ಪ್ರಯೋಗವನ್ನು ಬೇಸರಿಸದೆ ಮತ್ತೊಮ್ಮೆ ಮಾಡಿದ ಈ ಎರಡನೆಯವರ ಕೆಲಸ, ನನ್ನ ಎಣಿಕೆಯಲ್ಲಿ, ಮೊದಲನೆಯದಕ್ಕಿಂತ ಕಡಿಮೆಯದಲ್ಲ.

ಬಣ್ಣಕ್ಕಿಂತ ಭದ್ರವಾದ ಗುರುತೊಂದುಂಟು. 2018ರಲ್ಲಿ ಪ್ಲಿಮತ್ತಿನವರು ಪ್ಲಾಸ್ಟಿಕ್ಕಿನ ಅಣುವಿನಲ್ಲಿಯೇ ವಿಕಿರಣ ಬೀರುವ ಇಂಗಾಲವನ್ನು ಸೇರಿಸಿ ಕಣಗಳನ್ನು ತಯಾರಿಸಿ, ಸ್ಕಾಲಪ್ ಎಂಬ ಬೀಸಣಿಗೆಯಾಕಾರದ ಚಿಪ್ಪುಜೀವಿಗೆ ಆರು ತಾಸು ಕೊಟ್ಟರು. ಈ ಗುರುತು ಬಣ್ಣದಂತೆ ಸೋರಿಹೋಗುವದಲ್ಲ. ದೊಡ್ಡ ಕಣಗಳು ಕರುಳಿನಲ್ಲಿ ಕೋಟ್ಯಂತರವಾಗಿ ತುಂಬಿದ್ದವು. ಅವುಗಳಿಗಿಂತ ಹತ್ತರಷ್ಟು ಸಣ್ಣವಾದವುಗಳೋ ಮೂತ್ರಪಿಂಡ, ಕಿವಿರು, ಸ್ನಾಯು ಮುಂತಾಗಿ ದೇಹವೆಲ್ಲಾ ಹರಡಿದ್ದವು. ಶುದ್ಧಜಲದಲ್ಲಿಟ್ಟ ಮೇಲೆ ಸಣ್ಣವು 14 ದಿನಗಳಲ್ಲಿ ಕಾಣದಾದವು, ದೊಡ್ಡವು 48 ದಿನಗಳವರೆಗೂ ಉಳಿದವು.

ಇವೆಲ್ಲವೂ ಮನುಷ್ಯರೇ ಗುರುತಿಟ್ಟು ಕೊಟ್ಟ ಕಣಗಳ ಕಥೆ. ಸಮುದ್ರದಲ್ಲಿಯೂ ಗಾಳಿಯಲ್ಲಿಯೂ ಇರುವ ಕಣಗಳಿಗೆ ಅಂಥ ಗುರುತಿಲ್ಲ. ಅವುಗಳನ್ನು ಹುಡುಕುವವರು ಮೊದಲು ಮೀನು ಮೊದಲಾದ ಜೀವಿಯ ಮಾಂಸವನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದಲ್ಲಿ ಕರಗಿಸಿ, ಉಳಿದದ್ದನ್ನು ಸೋಸುವರು. ಸೋಸಿದ ಚೂರುಗಳಿಗೆ ನೈಲ್ ರೆಡ್ ಎಂಬ ಬಣ್ಣ ಹಾಕಿದರೆ ಪ್ಲಾಸ್ಟಿಕ್ ಹೊಳೆಯುವದು. ಆದರೆ ಉಳಿದ ಕೊಬ್ಬೂ ಹೊಳೆಯುವದಷ್ಟೆ! ಆದುದರಿಂದ ಚೂರಿನ ಜಾತಿಯನ್ನು ಅದರಿಂದಲೇ ಕೇಳಿ ತಿಳಿಯಬೇಕು. ಇದಕ್ಕೆ ಒದಗುವದು ಸರ್ ಸಿ. ವಿ. ರಾಮನ್ನರು 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡ ಪರಿಣಾಮವೇ. ಅವರು 1933ರಲ್ಲಿ ಬೆಂಗಳೂರಿಗೆ ಬಂದು ಅಲ್ಲಿಯೇ ನೆಲಸಿದರೆಂಬದನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಒಂದು ಬಣ್ಣದ ಬೆಳಕನ್ನು ವಸ್ತುವಿನ ಮೇಲೆ ಬಿಟ್ಟರೆ ಚದರುವ ಬೆಳಕಿನಲ್ಲಿ ಬಹುಪಾಲು ಅದೇ ಬಣ್ಣದ್ದು. ಕೋಟಿಯಲ್ಲೊಂದೆಂಬಷ್ಟು ಅತ್ಯಲ್ಪ ಭಾಗ ಮಾತ್ರ ಆ ವಸ್ತುವಿನ ಅಣುಗಳಿಗೆ ತಕ್ಕಂತೆ ಬಣ್ಣ ಬದಲಾಯಿಸಿ ಹೊರಡುವದು. ಪಾಲಿಥೀನಿನದು ಒಂದು ಬಗೆ, ನೈಲಾನಿನದು ಮತ್ತೊಂದು. ಸುಮಾರು ಒಂದು ಮೈಕ್ರಾನ್ ಗಾತ್ರದ ಚೂರನ್ನು ಸಹ ಹೀಗೆ ಗುರುತಿಸಬಹುದು. ಅದಕ್ಕಿಂತ ಬಹಳ ಸಣ್ಣವು ಈ ಬಲೆಗೆ ಬೀಳುವದು ಕಷ್ಟ.

ಇಷ್ಟಾದರೂ ಚೂರು ಹೊರಗಿನಿಂದ ಬಂದದ್ದಾಗಿರಬಹುದು. ನಾವು ಉಡುವ ಬಟ್ಟೆಗಳಿಂದಲೇ ಎಳೆಗಳು ಉದುರಿ ಗಾಳಿಯಲ್ಲಿ ತೇಲುತ್ತಿರುವವು. ಅದಕ್ಕೋಸ್ಕರ ಪರೀಕ್ಷಕರು ಹತ್ತಿಯ ನಿಲುವಂಗಿಯನ್ನು ತೊಟ್ಟು, ಏನನ್ನೂ ಹಾಕದ ಖಾಲಿ ಪಾತ್ರೆಯೊಂದನ್ನು ಸಹ ಅದೇ ಕ್ರಮದಲ್ಲಿ ಪರೀಕ್ಷಿಸುವರು. ಖಾಲಿ ಪಾತ್ರೆಯಲ್ಲಿ ಸಿಕ್ಕಿದ್ದನ್ನು ಲೆಕ್ಕದಿಂದ ಕಳೆಯಬೇಕಷ್ಟೆ. ಶುಚಿತ್ವಕ್ಕೆಂದು ತೊಡುವ ರಬ್ಬರು ಕೈಚೀಲಗಳಿಂದ ಬಿಡುವ ಸಾಬೂನಿನ ಜಾತಿಯ ಪದಾರ್ಥವು ಇಂಥ ಬೆಳಕಿನ ಪರೀಕ್ಷೆಗಳಲ್ಲಿ ಪಾಲಿಥೀನಿನಂತೆಯೇ ತೋರಬಲ್ಲದೆಂದು 2020ರಲ್ಲಿ ಪ್ರಕಟವಾಯಿತು.

ಈಗ ತಾಯಂದಿರ ಪ್ರಶ್ನೆಗೆ ಬರೋಣ. 2022ರಲ್ಲಿ ಆಮ್ಸ್ಟರ್‌ಡಾಮಿನ ವಿಜ್ಞಾನಿಗಳು 22 ಮಂದಿ ಆರೋಗ್ಯವಂತರ ರಕ್ತವನ್ನು ಪರೀಕ್ಷಿಸಿ, 17 ಮಂದಿಯಲ್ಲಿ ಪ್ಲಾಸ್ಟಿಕ್ ಇದೆಯೆಂದರು. ಅವರು ಕಣಗಳನ್ನು ಕಣ್ಣಿಂದ ಎಣಿಸಲಿಲ್ಲ. ಶೇಷವನ್ನು ಅತ್ಯುಷ್ಣದಲ್ಲಿ ಸುಟ್ಟು ಒಡೆದು, ಹೊರಬಿದ್ದ ಆವಿಯಿಂದ ಪದಾರ್ಥವನ್ನು ನಿರ್ಣಯಿಸಿದರು. 2025ರಲ್ಲಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದವರು ಮೃತರ ಮೆದುಳಿನಲ್ಲಿ ಯಕೃತ್ತು, ಮೂತ್ರಪಿಂಡಗಳಿಗಿಂತ ಹೆಚ್ಚು ಪ್ಲಾಸ್ಟಿಕ್ ಇದೆಯೆಂದು ಹೇಳಿದ್ದಕ್ಕೂ ಮುಖ್ಯಾಧಾರ ಇದೇ ವಿಧಾನ. ಇದಕ್ಕೆ ಇತರ ರಸಾಯನಶಾಸ್ತ್ರಜ್ಞರು ಆಕ್ಷೇಪಿಸಿದರು, ಯಾಕಂದರೆ ಕೊಬ್ಬನ್ನು ಹಾಗೆಯೇ ಸುಟ್ಟರೂ ಪಾಲಿಥೀನನ್ನು ಸುಟ್ಟಾಗ ಬರುವಂಥ ಆವಿಗಳೇ ಬರುವವು. ಮೆದುಳಾದರೋ ಕೊಬ್ಬು ವಿಶೇಷವಾಗಿರುವ ಅಂಗ. ಆದುದರಿಂದ ಅಲ್ಲಿ ಪ್ಲಾಸ್ಟಿಕ್ ಇಲ್ಲವೆಂದು ಹೇಳಲಾಗದು. ಇಷ್ಟೇ ಇದೆಯೆಂದು ನಂಬುವದಕ್ಕೂ ಆಧಾರ ಸಾಲದು. ಆರೋಗ್ಯದ ಮೇಲಿನ ಪರಿಣಾಮವನ್ನು ನಿರ್ಣಯಿಸಲು ದೊರೆತ ಮಾಹಿತಿ ಸಾಲದೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2022ರಲ್ಲಿ ಹೇಳಿತು.

ಕೊಬ್ಬನ್ನೆಲ್ಲ ಮೊದಲೇ ತೆಗೆದುಬಿಟ್ಟರಾಗದೇ ಎಂದು ವಾಚಕರು ಕೇಳಬಹುದು. ಅದೇ ಪ್ರಯತ್ನ ಈಗ ನಡೆದಿರುವದು. ಆದರೆ ಕೊಬ್ಬನ್ನು ಪೂರ್ತಿಯಾಗಿ ಕರಗಿಸುವಷ್ಟು ತೀಕ್ಷ್ಣವಾದ ಬಿಸಿ ಕ್ಷಾರವು ನಮ್ಮ ಸೀರೆಗಳ ಪಾಲಿಯೆಸ್ಟರನ್ನೂ ಸವೆಯಿಸುವದು. ಸೌಮ್ಯವಾದದ್ದನ್ನು ಬಳಸಿದರೆ ಕೊಬ್ಬು ಉಳಿಯುವದು. ಇವೆರಡರ ನಡುವಣ ಹದವನ್ನು ಪ್ರಯೋಗಶಾಲೆಗಳು ಇನ್ನೂ ಹುಡುಕುತ್ತಿವೆ.